ಚಳಿಗಾಲದಲ್ಲಿ ಲಾರಿ ಮತ್ತು ಟ್ರ್ಯಾಕ್ಟರುಗಳ ಬ್ಯಾಟರಿಯ ಸಂರಕ್ಷಣೆ
ಬಸವಕಲ್ಯಾಣ, ಹುಮನಾಬಾದು ಸೀಮೆಯ ರೈತರಿಗೂ ವಾಹನದವರಿಗೂ ಕೆಲವು ಸೂಚನೆಗಳು

ಮಾರ್ಗಶಿರ, ಪುಷ್ಯ ಮಾಸಗಳು ಬಂದುವೆಂದರೆ ಬಸವಕಲ್ಯಾಣ ಮತ್ತು ಹುಮನಾಬಾದು ತಾಲ್ಲೂಕುಗಳ ರೈತರಿಗೆ ಬಿಡುವೆಂಬುದಿಲ್ಲ. ತೊಗರಿಯನ್ನು ಕೊಯ್ದು ರಾಶಿಮಾಡುವುದು, ಕಬ್ಬನ್ನು ಕಡಿಸಿ ಕಾರ್ಖಾನೆಗೆ ಸಾಗಿಸುವುದು, ಹಿಂಗಾರಿ ಜೋಳ ಕಡಲೆಗಳನ್ನು ನೋಡಿಕೊಳ್ಳುವುದು, ಇವೆಲ್ಲವೂ ಒಂದೇ ಕಾಲದಲ್ಲಿ ಬಂದೊದಗುತ್ತವೆ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ ಮನೆಮಂದಿಯೆಲ್ಲ ಕೂಡಿ ಉಂಡು ಬರುವ ಆ ದಿನಗಳಲ್ಲಿಯೇ ಚಳಿಯೂ ತನ್ನ ಪೂರ್ಣಬಲವನ್ನು ತೋರಿಸುವುದು. ಬೀದರ ಜಿಲ್ಲೆಯು ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರು ಎತ್ತರದ ಬಯಲುಸೀಮೆಯಾಗಿರುವುದರಿಂದಲೂ, ಉತ್ತರದ ಒಣಗಾಳಿಗೆ ಇಲ್ಲಿ ತಡೆಯಿಲ್ಲದಿರುವುದರಿಂದಲೂ, ಚಳಿಯಲೆಯ ರಾತ್ರಿಗಳಲ್ಲಿ ಉಷ್ಣತೆಯು 10 ಡಿಗ್ರಿ ಸೆಲ್ಸಿಯಸಿಗಿಂತಲೂ ಕೆಳಗೆ ಇಳಿಯುವುದುಂಟು. ಕರ್ನಾಟಕದ ಅತಿ ಶೀತಲ ಸ್ಥಳಗಳಲ್ಲಿ ಬೀದರ ಸೀಮೆಯ ಹೆಸರು ಆಗಾಗ್ಗೆ ಕೇಳಿಬರುವುದಕ್ಕೆ ಇದೇ ಕಾರಣ.

ಇಂತಹ ಒಂದು ಮುಂಜಾವಿನಲ್ಲಿ ಕಬ್ಬು ಕಡಿಯುವ ಆಳುಗಳು ಹೊಲದಲ್ಲಿ ಕಾದಿರುವಾಗ, ಅಥವಾ ತೊಗರಿಯ ಚೀಲಗಳನ್ನು ಹೇರಿದ ಲಾರಿಯು ಸವಾಲಿನ ಹೊತ್ತಿಗೆ ಪೇಟೆಯನ್ನು ಮುಟ್ಟಬೇಕಾಗಿರುವಾಗ, ಕೀಲಿಯನ್ನು ತಿರುಗಿಸಿದರೆ ಎಂಜಿನು ಒಂದೆರಡು ಸಲ ನರಳಿ ಸುಮ್ಮನಾಗುವುದು ಈ ಭಾಗದವರಿಗೆ ಹೊಸ ಅನುಭವವೇನಲ್ಲ. ಇದರಿಂದ ಆಗುವ ನಷ್ಟವು ಬ್ಯಾಟರಿಯ ಬೆಲೆಯಿಂದ ಅಳೆಯತಕ್ಕದ್ದಲ್ಲ. ಕಡಿದ ಕಬ್ಬನ್ನು 24 ಗಂಟೆಗಳೊಳಗೆ ಅರೆಯುವುದು ಉತ್ತಮ. ತಡವಾದಷ್ಟೂ ನೀರು ಆರಿ ತೂಕ ಕಡಮೆಯಾಗುವುದಲ್ಲದೆ ಸಕ್ಕರೆಯ ಅಂಶವೂ ಕೆಡುತ್ತದೆ. ಆಳುಗಳ ಕೂಲಿ, ತಪ್ಪಿದ ಸರದಿ, ಮೆಕಾನಿಕನ ಖರ್ಚು, ಇವೆಲ್ಲವೂ ರೈತನ ತಲೆಯ ಮೇಲೆಯೇ ಬೀಳುತ್ತವೆ. ಸಾಲಮಾಡಿ ಒಂದೇ ಲಾರಿಯನ್ನು ಕೊಂಡು ಅದರಿಂದಲೇ ಸಂಸಾರವನ್ನು ಸಾಗಿಸುವವನಿಗೆ ಒಂದು ದಿನದ ಬಾಡಿಗೆ ಹೋಯಿತೆಂದರೆ ಕಂತಿನ ಹಣಕ್ಕೇ ಕೊರತೆ.

ಹುಮನಾಬಾದು ಎರಡು ದೊಡ್ಡ ಹೆದ್ದಾರಿಗಳು ಕೂಡುವ ಸ್ಥಳ. ಪುಣೆ, ಸೊಲ್ಲಾಪುರಗಳಿಂದ ಹೈದರಾಬಾದಿಗೆ ಹೋಗುವ 65ನೆಯ ರಾಷ್ಟ್ರೀಯ ಹೆದ್ದಾರಿಯೂ, ಬೀದರದಿಂದ ಕಲಬುರಗಿ, ವಿಜಯಪುರಗಳ ಕಡೆಗೆ ಸಾಗುವ 50ನೆಯ ಹೆದ್ದಾರಿಯೂ ಇಲ್ಲಿ ಸಂಧಿಸುತ್ತವೆ. ಬಸವಕಲ್ಯಾಣದಲ್ಲಂತೂ ಲಾರಿಯ ವ್ಯವಹಾರವೂ ಅದರ ದುರಸ್ತಿಯ ಕಸುಬೂ ಅನೇಕ ಕುಟುಂಬಗಳಿಗೆ ಜೀವನಾಧಾರವಾಗಿವೆ. ಆದುದರಿಂದ ಬ್ಯಾಟರಿಯನ್ನು ಚಳಿಗಾಲದಲ್ಲಿ ಹೇಗೆ ಕಾಪಾಡಿಕೊಳ್ಳಬೇಕೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ತಿಳಿಸಲಾಗಿದೆ.

ಬ್ಯಾಟರಿಯ ರಚನೆ

ಲಾರಿ ಟ್ರ್ಯಾಕ್ಟರುಗಳಲ್ಲಿರುವ ಬ್ಯಾಟರಿಯು ಸೀಸ ಮತ್ತು ಗಂಧಕಾಮ್ಲಗಳಿಂದಾದುದು. ಫ್ರಾನ್ಸ್ ದೇಶದ ಗಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿಯು 1859ರಲ್ಲಿ ಕಂಡುಹಿಡಿದ ಈ ಸಾಧನದ ಮೂಲತತ್ತ್ವವು ಈಗಲೂ ಬದಲಾಗಿಲ್ಲ. ನೀರು ಬೆರಸಿದ ಗಂಧಕಾಮ್ಲದಲ್ಲಿ ಎರಡು ಬಗೆಯ ಫಲಕಗಳು ಮುಳುಗಿರುತ್ತವೆ. ವಿದ್ಯುತ್ತನ್ನು ಕೊಡುವಾಗ ಆಮ್ಲವು ಫಲಕಗಳೊಡನೆ ಸೇರಿ ಸೀಸದ ಸಲ್ಫೇಟು ಉಂಟಾಗಿ, ದ್ರವವು ತೆಳುವಾಗುತ್ತದೆ. ಮರಳಿ ವಿದ್ಯುತ್ತನ್ನು ತುಂಬಿದಾಗ ಈ ಕ್ರಿಯೆಯು ತಿರುಗುಮುರುಗಾಗಿ ದ್ರವವು ಗಟ್ಟಿಯಾಗುತ್ತದೆ. ಒಂದೊಂದು ಕೋಶವೂ ಸುಮಾರು 2 ವೋಲ್ಟುಗಳನ್ನು ಕೊಡುವುದರಿಂದ ಆರು ಕೋಶಗಳು ಸೇರಿ 12 ವೋಲ್ಟಿನ ಬ್ಯಾಟರಿಯಾಗುವುದು. ಟ್ರ್ಯಾಕ್ಟರಿಗೆ ಇಂತಹ ಒಂದು ಸಾಕು. ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿಗಳನ್ನು ಒಂದರ ಹಿಂದೊಂದು ಜೋಡಿಸಿ 24 ವೋಲ್ಟುಗಳನ್ನು ಪಡೆಯುತ್ತಾರೆ.

ಚಳಿಯಿಂದಾಗುವ ಬಾಧೆ

ಚಳಿಯು ಮೂರು ಕಡೆಗಳಿಂದ ಕಷ್ಟವನ್ನು ತರುತ್ತದೆ. ಮೊದಲನೆಯದಾಗಿ, ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆಯು ಮಂದವಾಗುತ್ತದೆ. 27 ಡಿಗ್ರಿಯಲ್ಲಿ ನೂರು ಪಾಲು ಶಕ್ತಿಯನ್ನು ಕೊಡುವ ಬ್ಯಾಟರಿಯು ನೀರು ಹೆಪ್ಪುಗಟ್ಟುವ ಶೂನ್ಯ ಡಿಗ್ರಿಯಲ್ಲಿ ಸುಮಾರು ಎಂಭತ್ತು ಪಾಲನ್ನು ಮಾತ್ರ ಕೊಡಬಲ್ಲುದು. ನಮ್ಮ ಸೀಮೆಯ ಚಳಿಯಲ್ಲಿ ಈ ನಷ್ಟವು ಹತ್ತು ಹನ್ನೆರಡು ಪಾಲೆಂದು ತಿಳಿಯಬಹುದು. ಎರಡನೆಯದಾಗಿ, ಎಂಜಿನಿನ ಎಣ್ಣೆಯು ಗಟ್ಟಿಯಾಗುತ್ತದೆ. 30 ಡಿಗ್ರಿಯಲ್ಲಿದ್ದುದಕ್ಕಿಂತ 10 ಡಿಗ್ರಿಯಲ್ಲಿ ಅದರ ಜಿಗುಟು ಎರಡು ಮೂರು ಪಟ್ಟಾಗುವುದರಿಂದ, ಎಂಜಿನನ್ನು ತಿರುಗಿಸಲು ಸೆಲ್ಫಿಗೆ ಹೆಚ್ಚು ವಿದ್ಯುತ್ತು ಬೇಕಾಗುತ್ತದೆ. ಮೂರನೆಯದಾಗಿ, ಡೀಸೆಲ್ ಎಂಜಿನಿನಲ್ಲಿ ಕಿಡಿಯಿಂದ ಉರಿ ಹತ್ತುವುದಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖದಿಂದಲೇ ಹತ್ತಬೇಕು. ಸಿಲಿಂಡರೂ ಗಾಳಿಯೂ ತಣ್ಣಗಿದ್ದು ಎಂಜಿನು ಮೆಲ್ಲಗೆ ತಿರುಗಿದರೆ ಅಷ್ಟು ಶಾಖವು ಹುಟ್ಟುವುದೇ ಇಲ್ಲ. ಹೀಗೆ ಕೊಡುವ ಶಕ್ತಿ ಕುಗ್ಗಿರುವ ಹೊತ್ತಿನಲ್ಲಿಯೇ ಬೇಡಿಕೆಯು ಹೆಚ್ಚುವುದರಿಂದ ಬ್ಯಾಟರಿಯು ಸೋಲುತ್ತದೆ.

ನಿಜವಾದ ಹಾನಿ ಬೇಸಗೆಯದು

ಆದರೆ ಯಾವತ್ತೂ ತಪ್ಪನ್ನು ಚಳಿಯ ಮೇಲೆ ಹೊರಿಸುವುದು ಸರಿಯಲ್ಲ. ಒಳ್ಳೆಯ ಸ್ಥಿತಿಯಲ್ಲಿರುವ ಬ್ಯಾಟರಿಗೆ 8 ಅಥವಾ 10 ಡಿಗ್ರಿಯ ಚಳಿಯು ಲೆಕ್ಕಕ್ಕೆ ಬಾರದು. ಇದಕ್ಕಿಂತ ಬಹಳ ಹೆಚ್ಚಿನ ಚಳಿಯ ದೇಶಗಳಲ್ಲಿ ಲಾರಿಗಳು ಓಡುತ್ತಲೇ ಇವೆ. ನಮ್ಮಲ್ಲಿ ಬ್ಯಾಟರಿಯ ಆಯುಸ್ಸನ್ನು ಕಳೆಯುವುದು ಬೇಸಗೆ. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿಯನ್ನು ದಾಟುವ ಬಿಸಿಲಿಗೆ ಎಂಜಿನಿನ ಶಾಖವೂ ಸೇರಿ ಒಳಗಿನ ನೀರು ಆರುತ್ತದೆ, ಫಲಕಗಳ ಚೌಕಟ್ಟು ಸವೆಯುತ್ತದೆ. ಬೇಸಗೆಯಲ್ಲಿ ಎಣ್ಣೆಯು ತೆಳುವಾಗಿ ಎಂಜಿನು ಹಗುರವಾಗಿ ತಿರುಗುವುದರಿಂದ ಈ ದೌರ್ಬಲ್ಯವು ಕಣ್ಣಿಗೆ ಬೀಳುವುದಿಲ್ಲ. ಚಳಿಯು ಬಂದಾಗ ಅಡಗಿದ್ದ ರೋಗವು ಬಯಲಾಗುತ್ತದೆ, ಅಷ್ಟೆ. ಆದುದರಿಂದ ಬ್ಯಾಟರಿಯ ಪರೀಕ್ಷೆಯನ್ನು ಚಳಿ ಬಿದ್ದ ಮೇಲೆ ಮಾಡುವುದಕ್ಕಿಂತ ದೀಪಾವಳಿಯ ಹೊತ್ತಿಗೆ ಮಾಡಿಸಿಕೊಳ್ಳುವುದು ಜಾಣತನ.

ಜಮಾ ಖರ್ಚಿನ ಲೆಕ್ಕ

ಬ್ಯಾಟರಿಯು ಒಂದು ಹಗೇವಿನಂತೆ. ಹಾಕಿದಷ್ಟನ್ನೇ ತೆಗೆಯಬಹುದು, ಹಾಕದೆ ತೆಗೆಯುತ್ತ ಹೋದರೆ ತಳ ಕಾಣುವುದು. ಕಬ್ಬಿನ ಕಾಲದಲ್ಲಿ ಈ ತಳ ಕಾಣುವ ಸಂದರ್ಭವು ಕಾರ್ಖಾನೆಯ ಅಂಗಳದಲ್ಲಿ ಒದಗುತ್ತದೆ. ಸರದಿಯ ಸಾಲಿನಲ್ಲಿ ನಿಂತ ಲಾರಿಯು ಹಗಲಿರುಳೂ ಹತ್ತಾರು ಗಜ ಮುಂದಕ್ಕೆ ಸರಿಯುವುದಕ್ಕಾಗಿ ಮತ್ತೆ ಮತ್ತೆ ಚಾಲೂ ಆಗಿ ಮತ್ತೆ ಆರುತ್ತದೆ. ಇದರ ಲೆಕ್ಕವನ್ನು ನೋಡಿರಿ.

ಸೆಲ್ಫು 400 ಆಂಪೇರನ್ನು ಮೂರು ಸೆಕೆಂಡು ಎಳೆದರೆ ಒಂದು ಸಲಕ್ಕೆ ಆಗುವ ಖರ್ಚು ಒಂದು ಆಂಪೇರ್-ಗಂಟೆಯ ಮೂರನೆಯ ಒಂದು ಭಾಗ ಮಾತ್ರ. ಮೂವತ್ತು ಸಲಕ್ಕೆ ಅದು 10 ಆಗುತ್ತದೆ. ಮುಂದಿನ ಎರಡು ದೊಡ್ಡ ದೀಪಗಳು ಸೇರಿ 140 ವಾಟುಗಳಾದರೆ 24 ವೋಲ್ಟಿನಲ್ಲಿ ಸುಮಾರು 6 ಆಂಪೇರು. ಎಂಜಿನು ನಿಂತಿರುವಾಗ ನಾಲ್ಕು ಗಂಟೆ ಉರಿದರೆ 24 ಆಂಪೇರ್-ಗಂಟೆ. ಹಾಡಿನ ಪೆಟ್ಟಿಗೆ, ಒಳದೀಪ, ಮೊಬೈಲು ಇವುಗಳಿಗೆ 3 ಆಂಪೇರಿನಂತೆ ಎಂಟು ಗಂಟೆಗೆ ಮತ್ತೆ 24. ಒಟ್ಟು 58. ಬ್ಯಾಟರಿಯು 120 ಆಂಪೇರ್-ಗಂಟೆಯದೆಂದು ಇಟ್ಟುಕೊಳ್ಳೋಣ. ಅದು ಹಳೆಯದಾಗಿ ಎಪ್ಪತ್ತು ಪಾಲು ಶಕ್ತಿಯು ಮಾತ್ರ ಉಳಿದಿದ್ದರೆ 84; ಚಳಿಯ ಕಳೆತವನ್ನು ತೆಗೆದರೆ ಸುಮಾರು 74. ಇದರಲ್ಲಿ 58 ಹೋದ ಮೇಲೆ ಮುಂಜಾನೆ ತಣ್ಣಗಾದ ಎಂಜಿನನ್ನು ತಿರುಗಿಸಲು ಉಳಿಯುವ ಬಲವೆಷ್ಟು?

ಇನ್ನು ಜಮೆಯ ಕಡೆ. ಕೊಟ್ಟುದಕ್ಕಿಂತ ಹತ್ತು ಹದಿನೈದು ಪಾಲು ಹೆಚ್ಚಾಗಿಯೇ ತುಂಬಬೇಕಾದುದರಿಂದ ಸುಮಾರು 65 ಆಂಪೇರ್-ಗಂಟೆ ಹಿಂದಿರುಗಬೇಕು. ಡೈನಮೋವು ಸರಾಸರಿ 20 ಆಂಪೇರನ್ನು ತುಂಬಿತೆಂದರೂ ಮೂರು ಗಂಟೆಗೂ ಮೀರಿ ಓಡಬೇಕಾಯಿತು. ಕಾರ್ಖಾನೆಯಿಂದ ಹಳ್ಳಿಗೆ ಅರ್ಧ ಗಂಟೆಯ ಓಟದಲ್ಲಿ ಇದು ಸಾಧ್ಯವಿಲ್ಲ. ಎಂಜಿನನ್ನು ಹತ್ತು ನಿಮಿಷ ಸುಮ್ಮನೆ ಮಂದಗತಿಯಲ್ಲಿ ಬಿಟ್ಟರೆ ಬ್ಯಾಟರಿ ತುಂಬುವುದೆಂಬ ನಂಬಿಕೆಯೂ ತಪ್ಪು; ಮಂದಗತಿಯಲ್ಲಿ ಡೈನಮೋವು ಕೊಡುವುದು ಅಲ್ಪ, ಡೀಸೆಲಿನ ಖರ್ಚು ಮಾತ್ರ ಹೆಚ್ಚು. ಸರದಿಯಲ್ಲಿ ದೀಪವನ್ನೂ ಹಾಡನ್ನೂ ಆರಿಸಿಡುವುದು, ಸಾಲು ಸ್ವಲ್ಪ ಹೆಚ್ಚು ಮುಂದುವರಿದ ಬಳಿಕವೇ ಒಮ್ಮೆಗೆ ಚಾಲೂಮಾಡುವುದು, ಇವೇ ಇದಕ್ಕೆ ಸುಲಭವಾದ ಪರಿಹಾರಗಳು.

ಪರೀಕ್ಷೆಯ ಕ್ರಮ

ಮುಚ್ಚಳ ತೆರೆಯುವ ಬ್ಯಾಟರಿಗಳಿಗೆ ಹೈಡ್ರೋಮೀಟರೇ ಉತ್ತಮ ಸಾಧನ. ಪೂರ್ಣ ತುಂಬಿದ ಬ್ಯಾಟರಿಯ ದ್ರವದ ವಿಶಿಷ್ಟ ಗುರುತ್ವವು ತಯಾರಕರ ಪದ್ಧತಿಗನುಸಾರವಾಗಿ 1.240ರಿಂದ 1.280ರವರೆಗೆ ಇರುತ್ತದೆ. ಈ ಅಂಕಿಯು 27 ಡಿಗ್ರಿಗೆ ಸಂಬಂಧಿಸಿದುದೆಂಬುದನ್ನು ಮರೆಯಕೂಡದು. ಚಳಿಯಲ್ಲಿ ದ್ರವವು ಕುಗ್ಗಿ ಗಟ್ಟಿಯಾಗಿ ತೋರುವುದರಿಂದ, 27ಕ್ಕಿಂತ ಕಡಮೆಯಾದ ಪ್ರತಿ ಡಿಗ್ರಿಗೂ 0.0007ರಂತೆ ಕಳೆಯಬೇಕು. ಉದಾಹರಣೆಗೆ, 12 ಡಿಗ್ರಿಯಲ್ಲಿ 1.250 ಎಂದು ತೋರಿದರೆ ನಿಜವಾದುದು ಸುಮಾರು 1.240. ಆರು ಕೋಶಗಳಲ್ಲಿ ಒಂದು ಮಾತ್ರ ಉಳಿದವುಗಳಿಗಿಂತ 0.030ಕ್ಕೂ ಮಿಕ್ಕಿ ಕೆಳಗಿದ್ದರೆ ಆ ಕೋಶವು ಕೆಟ್ಟಿದೆಯೆಂದು ಸಂಶಯಪಡಬೇಕು.

ಮೀಟರಿನಿಂದ ವೋಲ್ಟುಗಳನ್ನು ನೋಡುವವರು ವಾಹನವು ರಾತ್ರಿಯೆಲ್ಲ ನಿಂತ ಮೇಲೆ ಬೆಳಿಗ್ಗೆ ನೋಡತಕ್ಕದ್ದು. 12.6 ಅಥವಾ ಹೆಚ್ಚಾಗಿದ್ದರೆ ತುಂಬಿದೆ, 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ, 12.0 ಇದ್ದರೆ ಕಾಲು ಭಾಗವೆಂದು ತಿಳಿಯಬಹುದು. ಲಾರಿಯ ಎರಡು ಬ್ಯಾಟರಿಗಳನ್ನು ಬೇರೆ ಬೇರೆಯಾಗಿಯೇ ಅಳೆಯಬೇಕು. ಸೆಲ್ಫು ತಿರುಗುತ್ತಿರುವಾಗ 12 ವೋಲ್ಟಿನ ಬ್ಯಾಟರಿಯು 9.6ಕ್ಕಿಂತ ಕೆಳಗೆ ಬಿದ್ದರೆ ಅದು ಬಲಗುಂದಿದೆ, ಇಲ್ಲವೆ ತುಂಬಿಲ್ಲ. ಎಂಜಿನು ಓಡುವಾಗ ಸುಮಾರು 13.8ರಿಂದ 14.4ರವರೆಗೆ, 24 ವೋಲ್ಟಿನ ಲಾರಿಯಲ್ಲಿ ಇದರ ಇಮ್ಮಡಿ, ತೋರದಿದ್ದರೆ ದೋಷವು ಡೈನಮೋವಿನಲ್ಲಿಯೋ ಅದರ ಪಟ್ಟಿಯಲ್ಲಿಯೋ ಇರುತ್ತದೆ. ಹೊಸ ಬ್ಯಾಟರಿಯನ್ನು ಕೊಂಡರೂ ಪ್ರಯೋಜನವಿಲ್ಲ. ಮುಚ್ಚಿದ ಬ್ಯಾಟರಿಗಳ ಮೇಲಿರುವ ಹಸುರು ಕಣ್ಣು ಆರು ಕೋಶಗಳಲ್ಲಿ ಒಂದರ ಸ್ಥಿತಿಯನ್ನು ಮಾತ್ರ ತಿಳಿಸುವುದರಿಂದ ಅದನ್ನೇ ಪೂರ್ಣವಾಗಿ ನೆಚ್ಚುವುದು ಸಲ್ಲದು.

ಆರೈಕೆ

ತೆರೆಯುವ ಬ್ಯಾಟರಿಯ ಫಲಕಗಳ ಮೇಲೆ 10ರಿಂದ 12 ಮಿಲಿಮೀಟರು ದ್ರವವು ನಿಂತಿರಬೇಕು. ಕಡಮೆಯಾದಾಗ ಬಟ್ಟಿ ಇಳಿಸಿದ ನೀರನ್ನು ಮಾತ್ರ ಹಾಕತಕ್ಕದ್ದು. ಬಾವಿಯ ಮತ್ತು ಕೊಳವೆಬಾವಿಯ ನೀರಿನಲ್ಲಿರುವ ಸುಣ್ಣ, ಉಪ್ಪು, ಕಬ್ಬಿಣದ ಅಂಶಗಳು ಫಲಕಗಳನ್ನು ಕೆಡಿಸುತ್ತವೆ. ಆರಿಹೋಗುವುದು ನೀರೇ ಹೊರತು ಆಮ್ಲವಲ್ಲವಾದುದರಿಂದ, ಶಕ್ತಿ ಬರಲೆಂದು ಆಮ್ಲವನ್ನು ಸುರಿಯುವ ಅಭ್ಯಾಸವನ್ನು ಬಿಡಬೇಕು. ನೀರನ್ನು ಹಾಕಿದ ಮೇಲೆ ವಾಹನವನ್ನು ಸ್ವಲ್ಪ ದೂರ ಓಡಿಸಿದರೆ ಅದು ಚೆನ್ನಾಗಿ ಬೆರೆಯುತ್ತದೆ.

ತಂತಿಗಳನ್ನು ಕೂಡಿಸುವ ಮೊಳೆಗಳ ಮೇಲೆ ಬಿಳಿಯ ಅಥವಾ ಹಸುರುನೀಲಿಯ ಹುಡಿಯು ಕೂತರೆ ವಿದ್ಯುತ್ತಿನ ದಾರಿಯು ಕಟ್ಟುತ್ತದೆ. ಅಡಿಗೆಯ ಸೋಡವನ್ನು ಬಿಸಿನೀರಿನಲ್ಲಿ ಕದಡಿ, ಅದು ಕೋಶದೊಳಗೆ ಹೋಗದಂತೆ ಮುಚ್ಚಳಗಳನ್ನು ಭದ್ರಪಡಿಸಿ, ಮೊಳೆಗಳನ್ನು ತೊಳೆದು ಒಣಗಿಸಿ, ಬಿಗಿಯಾಗಿ ಕೂಡಿಸಿ, ಮೇಲೆ ಪೆಟ್ರೋಲಿಯಂ ಜೆಲ್ಲಿಯನ್ನು ಸವರಬೇಕು. ಎಂಜಿನಿನಿಂದ ಚಾಸಿಗೆ ಹೋಗುವ ಅರ್ಥಿಂಗಿನ ತಂತಿಯನ್ನೂ ನೋಡಬೇಕು. ಬ್ಯಾಟರಿ ಸತ್ತಿತೆಂದು ತೋರುವ ಎಷ್ಟೋ ಸಂದರ್ಭಗಳಲ್ಲಿ ಸಡಿಲವಾದ ಈ ತಂತಿಯೇ ಅಪರಾಧಿ. ಹೊಲದ ದಾರಿಯ ಕುಲುಕಾಟಕ್ಕೆ ಒಳಗಿನ ಫಲಕಗಳು ಉದುರದಂತೆ ಬ್ಯಾಟರಿಯನ್ನು ಅದರ ಪೆಟ್ಟಿಗೆಯಲ್ಲಿ ಅಲುಗದಂತೆ ಬಿಗಿದಿರಬೇಕು. ಬಿಚ್ಚುವಾಗ ಋಣದ ತಂತಿಯನ್ನು ಮೊದಲು ಬಿಚ್ಚಿ, ಕೂಡಿಸುವಾಗ ಅದನ್ನೇ ಕೊನೆಗೆ ಕೂಡಿಸತಕ್ಕದ್ದು.

ಜೋಡಿ ಬ್ಯಾಟರಿಗಳ ವಿಷಯ

ಲಾರಿಯ ಎರಡು ಬ್ಯಾಟರಿಗಳು ಜೋಡೆತ್ತುಗಳಿದ್ದಂತೆ. ಒಂದು ಮುದಿಯಾಗಿ ಇನ್ನೊಂದು ಹರೆಯದ್ದಾದರೆ ನೊಗವು ಸಮನಾಗಿ ನಿಲ್ಲದು. ಎರಡೂ ಒಂದೇ ಅಳತೆಯವೂ ಒಂದೇ ವಯಸ್ಸಿನವೂ ಆಗಿದ್ದು, ಬದಲಾಯಿಸುವಾಗ ಎರಡನ್ನೂ ಒಟ್ಟಿಗೇ ಬದಲಾಯಿಸುವುದು ಲೇಸು. ಹಾಡಿನ ಪೆಟ್ಟಿಗೆಗೂ ಅಲಂಕಾರದ ದೀಪಗಳಿಗೂ 12 ವೋಲ್ಟು ಬೇಕೆಂದು ಒಂದು ಬ್ಯಾಟರಿಯಿಂದ ಮಾತ್ರ ತಂತಿಯನ್ನೆಳೆಯುವ ರೂಢಿಯು ಲಾರಿಗಳಲ್ಲಿ ಕಂಡುಬರುತ್ತದೆ. ಹೀಗೆ ಮಾಡಿದರೆ ಆ ಒಂದು ಬ್ಯಾಟರಿಯು ಯಾವಾಗಲೂ ಅರೆಹೊಟ್ಟೆಯಲ್ಲಿದ್ದು, ಇನ್ನೊಂದಕ್ಕೆ ಅತಿಯಾಗಿ ವಿದ್ಯುತ್ತು ತುಂಬಿ ನೀರು ಆರಿಹೋಗಿ, ಎರಡೂ ಬೇಗನೆ ಕೆಡುತ್ತವೆ. 24ನ್ನು 12ಕ್ಕೆ ಇಳಿಸುವ ಕನ್ವರ್ಟರನ್ನು ಹಾಕಿಸುವ ಖರ್ಚು ಹೊಸ ಬ್ಯಾಟರಿಯ ಖರ್ಚಿಗಿಂತ ಬಹಳ ಕಡಮೆ.

ಮುಂಜಾನೆಯ ಚಾಲನೆ

ಬೆಳಿಗ್ಗೆ ಚಾಲೂಮಾಡುವಾಗ ದೀಪ, ಪಂಖ, ಹಾಡು ಎಲ್ಲವನ್ನೂ ಆರಿಸಿರಬೇಕು. ಶಾಖಕೊಡುವ ಸಾಧನವುಳ್ಳ ಎಂಜಿನಾದರೆ ಅದರ ಸೂಚಕ ದೀಪವು ಆರುವವರೆಗೆ ತಾಳಬೇಕು. ಕ್ಲಚ್ಚನ್ನು ಪೂರ್ತಿಯಾಗಿ ತುಳಿದಿದ್ದರೆ ಗೇರುಪೆಟ್ಟಿಗೆಯ ಗಟ್ಟಿ ಎಣ್ಣೆಯ ಭಾರವು ಸೆಲ್ಫಿನ ಮೇಲೆ ಬೀಳುವುದಿಲ್ಲ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫು ಹೊಡೆಯದೆ, ನಡುವೆ ಒಂದು ನಿಮಿಷ ಬಿಡಬೇಕು. ಆ ವಿರಾಮದಲ್ಲಿ ಬ್ಯಾಟರಿಯು ಸ್ವಲ್ಪ ಚೇತರಿಸಿಕೊಳ್ಳುತ್ತದೆ, ಸೆಲ್ಫೂ ತಣಿಯುತ್ತದೆ. ಮೂರು ನಾಲ್ಕು ಸಲಕ್ಕೂ ಆಗದಿದ್ದರೆ ನಿಲ್ಲಿಸಿ ಕಾರಣವನ್ನು ಹುಡುಕುವುದು ವಿವೇಕ. ಡೀಸೆಲಿನಲ್ಲಿ ಗಾಳಿ ಸೇರಿದ್ದರೆ ಅಥವಾ ಜಾಲರಿ ಕಟ್ಟಿದ್ದರೆ ಬ್ಯಾಟರಿಯನ್ನು ದಣಿಸಿ ಫಲವಿಲ್ಲ.

ಎಂಜಿನಿನ ತಳದಲ್ಲಿ ಚಿಂದಿಯನ್ನೋ ಕಟ್ಟಿಗೆಯನ್ನೋ ಉರಿಸಿ ಬೆಚ್ಚಗೆಮಾಡುವುದು ಅತ್ಯಂತ ಅಪಾಯಕರ. ಡೀಸೆಲಿನ ಕೊಳವೆಗಳೂ ರಬ್ಬರೂ ತಂತಿಗಳೂ ಅಲ್ಲಿಯೇ ಇರುವುದರಿಂದ ವಾಹನವೂ ಹೇರಿದ ಮಾಲೂ ಬೂದಿಯಾಗಬಹುದು, ಜೀವಕ್ಕೂ ಭಯ. ಶಾಖಕೊಡುವ ಸಾಧನವುಳ್ಳ ಎಂಜಿನಿಗೆ ಈಥರ್ ಸಿಂಪಡಿಸುವುದೂ ಸ್ಫೋಟಕ್ಕೆ ಕಾರಣವಾಗುವುದು.

ಇನ್ನೊಂದು ಬ್ಯಾಟರಿಯ ನೆರವು

ನೆರೆಯವರ ವಾಹನದಿಂದ ವಿದ್ಯುತ್ತನ್ನು ಪಡೆಯುವಾಗ ಎರಡರ ವೋಲ್ಟುಗಳೂ ಒಂದೇ ಆಗಿರಬೇಕು. 12 ವೋಲ್ಟಿನ ಟ್ರ್ಯಾಕ್ಟರಿಗೆ 24 ವೋಲ್ಟಿನ ಲಾರಿಯನ್ನು ಎಂದಿಗೂ ಜೋಡಿಸಕೂಡದು. ಮೊದಲು ಧನಕ್ಕೆ ಧನವನ್ನು ಕೂಡಿಸಿ, ಆಮೇಲೆ ಒಳ್ಳೆಯ ಬ್ಯಾಟರಿಯ ಋಣದಿಂದ ಬಂದ ತಂತಿಯ ಕೊನೆಯನ್ನು ನಿಂತಿರುವ ವಾಹನದ ಎಂಜಿನಿನ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ, ಹಚ್ಚಬೇಕು. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ವಾಯು ಹೊರಡುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೂ ಅದು ಕಿಡಿಗೆ ಸಿಡಿಯುವುದು. ಆದುದರಿಂದ ಬ್ಯಾಟರಿಯ ಬಳಿ ಬೀಡಿ, ಕಡ್ಡಿ, ದೀಪ ಯಾವುದೂ ಸಲ್ಲದು. ಆಮ್ಲವು ಕಣ್ಣಿಗೆ ಹಾರಿದರೆ ಕಾಲು ಗಂಟೆಯವರೆಗೆ ಧಾರಾಳವಾಗಿ ನೀರಿನಿಂದ ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.

ಕೆಲಸವಿಲ್ಲದೆ ನಿಂತ ವಾಹನ

ಬರಿದಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಫಲಕಗಳ ಮೇಲಿನ ಸಲ್ಫೇಟು ಗಟ್ಟಿಯಾಗಿ ಮರಳಿ ಕರಗದು. ಆದುದರಿಂದ ಬರಿದಾದೊಡನೆ ಅಂಗಡಿಯಲ್ಲಿ ತುಂಬಿಸಬೇಕು. ಆಂಪೇರ್-ಗಂಟೆಯ ಹತ್ತನೆಯ ಒಂದು ಪಾಲಿನ ವೇಗವು, ಎಂದರೆ 100 ಆಂಪೇರ್-ಗಂಟೆಯ ಬ್ಯಾಟರಿಗೆ 10 ಆಂಪೇರು, ಸುರಕ್ಷಿತ. ಒಂದೇ ಗಂಟೆಯಲ್ಲಿ ತುಂಬಿಕೊಡುವೆನೆಂಬವರ ಮಾತಿಗೆ ಮರುಳಾಗಬಾರದು. ತಿಂಗಳುಗಟ್ಟಲೆ ನಿಲ್ಲುವ ಟ್ರ್ಯಾಕ್ಟರಿನ ಋಣದ ತಂತಿಯನ್ನು ಬಿಚ್ಚಿಟ್ಟು ತಿಂಗಳಿಗೊಮ್ಮೆ ತುಂಬಿಸುವುದು ಒಳ್ಳೆಯದು. ಚಳಿಗಾಲದ ನಿರ್ಮಲವಾದ ಬಿಸಿಲಿನಲ್ಲಿ 10 ಅಥವಾ 20 ವಾಟಿನ ಸಣ್ಣ ಸೌರಫಲಕವನ್ನು ನಿಯಂತ್ರಕದ ಮೂಲಕ ಜೋಡಿಸಿದರೂ ಈ ಕೆಲಸವು ಆಗುತ್ತದೆ.

2020ರ ಏಪ್ರಿಲಿನಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6ರ ಲಾರಿಗಳಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಕೀಲಿಯನ್ನು ತೆಗೆದ ಮೇಲೂ ಹೊಗೆಯನ್ನು ಶುದ್ಧಿಮಾಡುವ ಯೂರಿಯ ದ್ರಾವಣದ ಕೊಳವೆಗಳು ಬರಿದಾಗಲು ಕೆಲವು ನಿಮಿಷಗಳು ಬೇಕು. ತಯಾರಕರು ಹೇಳಿದಷ್ಟು ಹೊತ್ತು ಕಾಯದೆ ಬ್ಯಾಟರಿಯ ಸ್ವಿಚ್ಚನ್ನು ತೆಗೆಯಬಾರದು. ಇಂತಹ ವಾಹನಗಳಲ್ಲಿ ಗಣಕಯಂತ್ರ ಮತ್ತು ದಾರಿ ತೋರುವ ಸಾಧನಗಳು ನಿಂತಾಗಲೂ ಅಲ್ಪ ವಿದ್ಯುತ್ತನ್ನು ಬಳಸುತ್ತಿರುತ್ತವೆ. ಬ್ಯಾಟರಿಯು ಪೂರ್ತಿಯಾಗಿ ಸತ್ತ ಮೇಲೆ, ಹಿಂದಿನಂತೆ ಇಳಿಜಾರಿನಲ್ಲಿ ಉರುಳಿಸಿ ಚಾಲೂಮಾಡುವ ಉಪಾಯವು ಇವುಗಳಲ್ಲಿ ಸಾಗದು.

ಬ್ಯಾಟರಿಯನ್ನು ಬರಿಯ ನೆಲದ ಮೇಲಿಟ್ಟರೆ ಶಕ್ತಿಯು ಭೂಮಿಗೆ ಇಳಿದುಹೋಗುವುದೆಂದು ಕೆಲವರು ನಂಬುತ್ತಾರೆ. ಈಗಿನ ಪ್ಲಾಸ್ಟಿಕ್ಕಿನ ಪೆಟ್ಟಿಗೆಗಳ ವಿಷಯದಲ್ಲಿ ಇದು ನಿಜವಲ್ಲ. ತಂಪಾದ ಒಣ ಸ್ಥಳದಲ್ಲಿ ಇಟ್ಟ ತುಂಬಿದ ಬ್ಯಾಟರಿಯು ಬಿಸಿಲಿನಲ್ಲಿಟ್ಟುದಕ್ಕಿಂತ ಹೆಚ್ಚು ಕಾಲ ಶಕ್ತಿಯನ್ನು ಹಿಡಿದಿರುತ್ತದೆ.

ಉತ್ತರದ ಹಿಮಪ್ರದೇಶಗಳಿಗೆ ಮಾಲನ್ನು ಸಾಗಿಸುವ ಲಾರಿಯವರು ಇನ್ನೊಂದು ಮಾತನ್ನು ನೆನಪಿಡಬೇಕು. ತುಂಬಿದ ಬ್ಯಾಟರಿಯು ಶೂನ್ಯಕ್ಕಿಂತ 50 ಡಿಗ್ರಿ ಕೆಳಗೂ ಹೆಪ್ಪುಗಟ್ಟದು. ಬರಿದಾದುದರ ದ್ರವವು ಬಹುತೇಕ ನೀರೇ ಆಗಿರುವುದರಿಂದ ಶೂನ್ಯಕ್ಕಿಂತ 8 ಅಥವಾ 10 ಡಿಗ್ರಿ ಕೆಳಗಿಳಿದರೆ ಹೆಪ್ಪುಗಟ್ಟಿ ಪೆಟ್ಟಿಗೆಯೇ ಸೀಳಬಹುದು. ಹೆಪ್ಪುಗಟ್ಟಿದ ಬ್ಯಾಟರಿಗೆ ವಿದ್ಯುತ್ತನ್ನು ತುಂಬಲು ಎಂದಿಗೂ ಹೋಗಬಾರದು.

ಹಳೆಯ ಬ್ಯಾಟರಿ

ಆಯುಸ್ಸು ಮುಗಿದ ಬ್ಯಾಟರಿಯನ್ನು ಮನೆಯ ಅಂಗಳದಲ್ಲಿ ಒಡೆದು ಸೀಸವನ್ನು ಕರಗಿಸುವುದು ವಿಷವನ್ನು ಮನೆಗೆ ತಂದಂತೆ. ಸೀಸವು ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಕುಂದಿಸುವುದೆಂಬುದು ಸಿದ್ಧವಾದ ಸಂಗತಿ. ಚೆಲ್ಲಿದ ಆಮ್ಲವು ನೆಲವನ್ನೂ ಬಾವಿಯನ್ನೂ ಕೆಡಿಸುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಮೇರೆಗೆ ಹಳೆಯ ಬ್ಯಾಟರಿಗಳು ಅಧಿಕೃತವಾದ ಮರುಬಳಕೆಯ ಕಾರ್ಖಾನೆಗಳಿಗೇ ಸೇರಬೇಕು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಯವರಿಗೆ ಒಪ್ಪಿಸಿದರೆ ಬೆಲೆಯಲ್ಲಿಯೂ ಸ್ವಲ್ಪ ಕಡಿತ ದೊರೆಯುವುದು.

ಮುಖ್ಯಾಂಶಗಳು

ದೀಪಾವಳಿಯ ಹೊತ್ತಿಗೆ ಬ್ಯಾಟರಿ, ಡೈನಮೋ, ಪಟ್ಟಿ, ತಂತಿಗಳ ಪರೀಕ್ಷೆಯಾಗಲಿ. ಕಬ್ಬಿನ ಕಾಲದಲ್ಲಿ ವಾರಕ್ಕೊಮ್ಮೆ ಮೊಳೆಗಳನ್ನೂ, ಹದಿನೈದು ದಿನಕ್ಕೊಮ್ಮೆ ನೀರಿನ ಮಟ್ಟವನ್ನೂ ನೋಡಲಿ. ಸರದಿಯಲ್ಲಿ ನಿಂತಾಗ ದೀಪವೂ ಹಾಡೂ ಆರಿರಲಿ. ಮೂರು ನಾಲ್ಕು ವರ್ಷ ದುಡಿದ ಬ್ಯಾಟರಿಯನ್ನು ಸುಗ್ಗಿಯ ನಡುವೆ ಕೈಕೊಡುವವರೆಗೆ ನೆಚ್ಚದೆ, ಪರೀಕ್ಷೆಯಲ್ಲಿ ಸೋತರೆ ಮೊದಲೇ ಬದಲಾಯಿಸಲಿ.

ಎತ್ತಿಗೆ ಹೊತ್ತುಹೊತ್ತಿಗೆ ಮೇವು ನೀರನ್ನಿಟ್ಟು, ಚಳಿಯಲ್ಲಿ ಗೋಣಿಯನ್ನು ಹೊದಿಸುವ ರೈತನಿಗೆ ಆರೈಕೆಯ ಮಹತ್ತ್ವವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಅದೇ ಗಮನದ ಒಂದು ಸಣ್ಣ ಪಾಲನ್ನು ಬ್ಯಾಟರಿಯ ಕಡೆಗೂ ಇಟ್ಟರೆ, ಕಡಿದ ಕಬ್ಬು ಒಣಗದೆ, ಆಳುಗಳು ಕಾಯದೆ, ಪುಷ್ಯಮಾಸದ ಮುಂಜಾನೆಯಲ್ಲಿ ಬಂಡಿಯು ಮೊದಲನೆಯ ಕೀಲಿಗೇ ಹೊರಡುವುದು.